ಐದು ಸಾವಿರ ಡಾಲರ್‌ಗೆ ಹಾಯಿ ದೋಣಿ: ಹೋದರೆ ಅಷ್ಟೇ ತಾನೇ?

ಪ್ರಶ್ನೆ: ನಮ್ಮೂರು ಹೊನ್ನಾವರ. ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ನಾನೂ ನನ್ನ ಹೆಂಡತಿಯೂ ಬರ್ಕ್ಲಿಯಲ್ಲಿ ಹಾಯಿ ದೋಣಿ ನಡೆಸುವ ಮೊದಲ ಹಂತದ ತರಬೇತಿ ಮುಗಿಸಿದ್ದೇವೆ. ಅಲಮೀಡದಲ್ಲಿ 1979ರ ಕ್ಯಾಟಲಿನಾ 30 ದೋಣಿಯೊಂದು 4,800 ಡಾಲರ್‌ಗೆ ಮಾರಾಟಕ್ಕಿದೆ. ಇದೇ ಮಾದರಿಯ ಬೇರೆ ದೋಣಿಗಳಿಗೆ 15 ಸಾವಿರದವರೆಗೂ ಕೇಳುತ್ತಿದ್ದಾರೆ. ಎಂಜಿನ್ ಪೆಟ್ರೋಲಿನದು, ಅಟಾಮಿಕ್ 4. ಎರಡು ವರ್ಷದ ಹಿಂದೆ ಓಡುತ್ತಿತ್ತಂತೆ. ಒಳಗೆ ಕಿಟಕಿಯ ಹತ್ತಿರ ಸ್ವಲ್ಪ ಸೋರುತ್ತದೆ. ಹಾಯಿಗಳು ಪರವಾಗಿಲ್ಲ. ‘ಈ ಬೆಲೆಯ ದೋಣಿಗೆ ಪರಿಣತರಿಂದ ತಪಾಸಣೆ, ಅಂದರೆ ಸರ್ವೆ, ಮಾಡಿಸೋದು ದುಡ್ಡು ದಂಡ’ ಅಂತ ಮಾಲೀಕರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸಿದೆ. ಕೆಟ್ಟರೂ ಹೆಚ್ಚೆಂದರೆ ಐದು ಸಾವಿರ ಹೋಗುತ್ತದೆ, ಅಷ್ಟೇ ತಾನೇ? ಒಂಬತ್ತು ವರ್ಷದ ಮಗಳನ್ನೂ ಕರೆದುಕೊಂಡು ಹೋಗುವ ಆಸೆ ಇದೆ.

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇಲ್ಲ, ಅಷ್ಟೇ ಅಲ್ಲ. ದೋಣಿಗೆ ನೀವು ಕೊಟ್ಟ ಬೆಲೆಗೂ ಅದರಿಂದ ಆಗಬಹುದಾದ ನಷ್ಟಕ್ಕೂ ಸಂಬಂಧವೇ ಇಲ್ಲ.

ಹಳೇ ಕಾರು ಕೆಟ್ಟು ನಿಂತರೆ ಗುಜರಿಯವರು ಬಂದು, ಕೈಗೆ ಒಂದಿಷ್ಟು ಕೊಟ್ಟು, ಎಳೆದುಕೊಂಡು ಹೋಗುತ್ತಾರೆ. ಫೈಬರ್‌ಗ್ಲಾಸ್ ದೋಣಿಗೆ ಆ ಭಾಗ್ಯವಿಲ್ಲ. ಅದನ್ನು ಕರಗಿಸಿ ಇನ್ನೊಂದು ಮಾಡಲು ಆಗುವುದಿಲ್ಲ. ಕ್ಯಾಟಲಿನಾ 30ರ ಕೀಲ್‌ನಲ್ಲಿ, ಅಂದರೆ ದೋಣಿ ಮಗುಚದಂತೆ ತಳಕ್ಕೆ ಜೋಡಿಸಿದ ಭಾರದ ಭಾಗದಲ್ಲಿ, ಸುಮಾರು 4,200 ಪೌಂಡ್ ಸೀಸ ಇರುತ್ತದೆ, ನಿಜ. ಸೀಸಕ್ಕೆ ಬೆಲೆಯೂ ಇದೆ. ಆದರೆ ದೋಣಿಯನ್ನು ನೀರಿನಿಂದ ಎತ್ತಿಸಿ, ಎಣ್ಣೆ ಪೆಟ್ರೋಲ್ ಎಲ್ಲ ತೆಗೆಸಿ, ಗರಗಸ ಹಾಕಿಸಿ, ಕಸದ ಗುಂಡಿಗೆ ಸಾಗಿಸುವಷ್ಟರಲ್ಲಿ ಆ ದುಡ್ಡನ್ನೂ ಮೀರಿ ಕೈಯಿಂದ ಹಾಕಬೇಕಾಗುತ್ತದೆ. ಅಂದರೆ ಹಾಳಾದ ದೋಣಿಯ ಬೆಲೆ ಸೊನ್ನೆಗೆ ಬಂದು ನಿಲ್ಲುವುದಿಲ್ಲ. ಸೊನ್ನೆಗಿಂತ ಕೆಳಗೆ ಹೋಗುತ್ತದೆ.

ಅಲ್ಲಿಯವರೆಗೆ ಅದನ್ನು ಕಟ್ಟಿ ಹಾಕಲು ಜಾಗ ಬೇಕಲ್ಲ? ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ ಮೂವತ್ತು ಅಡಿ ದೋಣಿ ಕಟ್ಟುವ ಜಾಗಕ್ಕೆ, ಅಂದರೆ ಸ್ಲಿಪ್‌ಗೆ, ತಿಂಗಳಿಗೆ 400 ಡಾಲರ್ ಆಸುಪಾಸು ಹಿಡಿಯಿರಿ. ವರ್ಷಕ್ಕೆ 4,800. ನೀವು ಕೊಡಬೇಕೆಂದಿರುವ ಬೆಲೆ ಸರಿಯಾಗಿ ಒಂದು ವರ್ಷದ ಬಾಡಿಗೆ ಆಯಿತು. ಮಾಲೀಕರು ಯಾಕೆ ಅಗ್ಗಕ್ಕೆ ಕೊಡುತ್ತಿದ್ದಾರೆ ಅನ್ನುವುದಕ್ಕೂ ಬಹುಶಃ ಇದೇ ಉತ್ತರ. ಅವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಎರಡು ವರ್ಷ ದೋಣಿ ಬಿಚ್ಚದೆ ಬಾಡಿಗೆ ಕಟ್ಟಿದವರಿಗೆ ಬೆಲೆಗಿಂತ ಬಿಡುಗಡೆ ಮುಖ್ಯ. ನಾಳೆ ಆ ಬಿಲ್ಲು ನಿಮ್ಮ ಹೆಸರಿಗೆ ಬರುತ್ತದೆ.

ಬಿಟ್ಟು ಹೋಗಿಬಿಡೋಣ ಅಂದರೆ ಅದೂ ಆಗದು. ದೋಣಿಯನ್ನು ಎಲ್ಲೆಂದರಲ್ಲಿ ಬಿಟ್ಟು ಹೋಗುವುದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ. ಸಾವಿರದಿಂದ ಮೂರು ಸಾವಿರ ಡಾಲರ್ ದಂಡ, ಅದರ ಮೇಲೆ ತೆಗೆಸುವ ಖರ್ಚು. ಓಕ್‌ಲ್ಯಾಂಡ್ ಮತ್ತು ಅಲಮೀಡದ ನಡುವಿನ ನೀರಿನಲ್ಲಿ ಅರ್ಧ ಮುಳುಗಿ ವಾಲಿ ನಿಂತ ದೋಣಿಗಳನ್ನು ನೀವು ನೋಡಿಯೇ ಇರುತ್ತೀರಿ. ಅವೆಲ್ಲ ಒಂದು ಕಾಲಕ್ಕೆ ಯಾರಿಗೋ ಅಗ್ಗಕ್ಕೆ ಸಿಕ್ಕಿದ್ದವು. ಸ್ಲಿಪ್‌ನಲ್ಲೇ ಮುಳುಗಿತು ಅನ್ನಿ, ಎತ್ತಿಸುವ ಖರ್ಚೂ ನಿಮ್ಮದೇ, ನೀರಿಗೆ ಸೇರಿದ ಪೆಟ್ರೋಲಿನ ಜವಾಬ್ದಾರಿಯೂ ನಿಮ್ಮದೇ. ಆ ಎರಡು ಸೇರಿದರೆ ದೋಣಿಯ ಬೆಲೆ ಚಿಲ್ಲರೆಯಾಗಿ ಕಾಣುತ್ತದೆ.

ಒಂದು ಒಳ್ಳೇ ಸುದ್ದಿ: ರಾಜ್ಯದ ಬೋಟಿಂಗ್ ಇಲಾಖೆ ಹಣ ಕೊಟ್ಟು ನಡೆಸುವ ಒಂದು ಯೋಜನೆಯಿದೆ. ಬೇಡವಾದ ದೋಣಿಯನ್ನು ಮಾಲೀಕರೇ ಸ್ಥಳೀಯ ಸಂಸ್ಥೆಗೆ ಒಪ್ಪಿಸಬಹುದು. ಆದರೆ ಸಂಸ್ಥೆಯ ಬಳಿ ಆ ವರ್ಷ ಹಣವಿರಬೇಕು, ಕಾಗದಪತ್ರ ನಿಮ್ಮ ಹೆಸರಿನಲ್ಲಿ ಸರಿಯಾಗಿರಬೇಕು. ಅದನ್ನೇ ನಂಬಿಕೊಂಡು ಕೊಳ್ಳುವ ಹಾಗಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ. ‘ಈ ದೋಣಿ ಚೆನ್ನಾಗಿದೆಯಾ’ ಅಂತ ಕೇಳಬೇಡಿ. 1979ರ ಯಾವ ದೋಣಿಯೂ ಪೂರ್ತಿ ಚೆನ್ನಾಗಿರುವುದಿಲ್ಲ. ‘ಇದರಲ್ಲಿ ಯಾವ ಯಾವ ಕೆಡುಕಿಗೆ ಮಿತಿ ಇದೆ, ಯಾವುದಕ್ಕೆ ಇಲ್ಲ’ ಅಂತ ಕೇಳಿ. ಹರಿದ ಹಾಯಿಗೆ ಮಿತಿ ಇದೆ. ಹೊಸದು ಹೊಲಿಸಿದರೆ ಎರಡು ಮೂರು ಸಾವಿರ, ಮುಗಿಯಿತು. ಮಾಸ್ಟ್‌ನ (ಹಾಯಿ ಕಟ್ಟುವ ಕಂಬದ) ಬುಡದಲ್ಲಿ ಕೊಳೆತ ಮರಕ್ಕೆ ಮಿತಿ ಇಲ್ಲ, ಯಾಕೆಂದರೆ ಅದು ಎಲ್ಲಿಯವರೆಗೆ ಹೋಗಿದೆ ಅಂತ ಬಿಚ್ಚುವವರೆಗೆ ಗೊತ್ತಾಗುವುದಿಲ್ಲ.

ಮಾದರಿಯ ಬಗ್ಗೆ ನನಗೆ ತಕರಾರಿಲ್ಲ. ಕ್ಯಾಟಲಿನಾ 30 ಎಪ್ಪತ್ತರ ದಶಕದ ನಡುವಿನಿಂದ 2008ರವರೆಗೆ ತಯಾರಾಯಿತು. ಆರು ಸಾವಿರಕ್ಕೂ ಹೆಚ್ಚು ದೋಣಿಗಳು ಹೊರಬಂದಿವೆ. ಬಿಡಿಭಾಗ ಇವತ್ತಿಗೂ ಸಿಗುತ್ತದೆ. ಯಾವ ರೋಗ ಎಲ್ಲಿ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಒಳಗೆ ಜಾಗ ಧಾರಾಳ, ಸಂಸಾರಕ್ಕೆ ಹೇಳಿಮಾಡಿಸಿದ್ದು. ಆ ಕಾಲದ ಹಲ್‌ಗಳನ್ನು, ಅಂದರೆ ದೋಣಿಯ ಹೊರಕವಚವನ್ನು, ದಪ್ಪವಾಗಿಯೇ ಕಟ್ಟುತ್ತಿದ್ದರು. ಹಲ್‌ಗೆ ವಯಸ್ಸಾಗಿದೆ ಅಂತ ನಾನು ಯಾರನ್ನೂ ಹೆದರಿಸುವುದಿಲ್ಲ. ವಯಸ್ಸಾಗುವುದು ಹಲ್‌ಗೆ ಅಂಟಿಸಿದ, ಬೋಲ್ಟ್ ಹಾಕಿದ, ತೂತು ಕೊರೆದ ಜಾಗಗಳಿಗೆ.

ಈಗ ನಿಮ್ಮ ‘ಸ್ವಲ್ಪ ಸೋರುತ್ತದೆ’ಗೆ ಬರೋಣ.

ಆ ಕಾಲದ ಬಹುತೇಕ ದೋಣಿಗಳ ಡೆಕ್, ಅಂದರೆ ನಾವು ಓಡಾಡುವ ಮೇಲ್ಭಾಗ, ಮೂರು ಪದರದ್ದು. ಮೇಲೆ ಕೆಳಗೆ ತೆಳುವಾದ ಫೈಬರ್‌ಗ್ಲಾಸ್, ನಡುವೆ ಬಾಲ್ಸಾ ಮರ ಇಲ್ಲವೇ ಪ್ಲೈವುಡ್. ಹಗುರ, ಗಟ್ಟಿ, ಒಣಗಿರುವವರೆಗೆ. ಡೆಕ್ ಮೇಲೆ ಕೂರಿಸಿದ ಪ್ರತಿಯೊಂದು ಸಾಮಾನಿಗೂ ತೂತು ಕೊರೆದಿರುತ್ತಾರೆ. ತೂತಿನ ಸುತ್ತಲಿನ ಸೀಲಂಟ್ ಹದಿನೈದು ಇಪ್ಪತ್ತು ವರ್ಷಕ್ಕೆ ಒಣಗಿ ಬಿರಿಯುತ್ತದೆ. ನೀರು ಒಳಗೆ ಇಳಿದು ಮರ ಕೊಳೆಯಲು ಶುರುವಾಗುತ್ತದೆ. ಕಿಟಕಿಯ ಹತ್ತಿರ ನಿಮಗೆ ಕಂಡ ಹನಿ ಕಿಟಕಿಯಿಂದಲೇ ಬಂದಿರಬೇಕು ಅಂತಿಲ್ಲ. ನೀರು ಮೇಲೆಲ್ಲೋ ಒಳಹೊಕ್ಕು, ಒಳಗಿನ ಪದರದಲ್ಲಿ ಹರಿದು, ದಾರಿ ಸಿಕ್ಕಲ್ಲಿ ಹೊರಬರುತ್ತದೆ. ಕ್ಯಾಟಲಿನಾದಲ್ಲಿ ಕಿಟಕಿಯ ಹತ್ತಿರವೇ ಇರುವ ಇನ್ನೊಂದು ಜಾಗ ಚೈನ್‌ಪ್ಲೇಟ್.

ಮಾಸ್ಟನ್ನು ಎರಡೂ ಬದಿಯಿಂದ ಹಿಡಿದು ನಿಲ್ಲಿಸುವ ಉಕ್ಕಿನ ತಂತಿಗಳಿಗೆ ಶ್ರೌಡ್ ಅನ್ನುತ್ತೇವೆ. ಮಾಸ್ಟ್‌ನ ತುದಿಗೆ ಹೋಗುವ ಶ್ರೌಡ್ ಕೆಳಗೆ ಒಂದು ಸ್ಟೇನ್‌ಲೆಸ್ ಪಟ್ಟಿಗೆ ಸೇರುತ್ತದೆ. ಆ ಪಟ್ಟಿ ಡೆಕ್ ತೂರಿ ಕೆಳಗಿಳಿದು ಒಳಗಿನ ಮರದ ಗೋಡೆಗೆ ಬೋಲ್ಟ್ ಆಗಿರುತ್ತದೆ. ಇದೇ ಚೈನ್‌ಪ್ಲೇಟ್. ಸ್ಟೇನ್‌ಲೆಸ್ ತುಕ್ಕು ಹಿಡಿಯದಿರುವುದಕ್ಕೆ ಗಾಳಿ ಬೇಕು. ಗಾಳಿಯ ಆಮ್ಲಜನಕದಿಂದ ಮೇಲೆ ತೆಳುವಾದ ಪೊರೆ ಕಟ್ಟಿಕೊಂಡು ಅದು ತನ್ನನ್ನು ಕಾಪಾಡಿಕೊಳ್ಳುತ್ತದೆ. ಒದ್ದೆ ಮರದ ನಡುವೆ ಗಾಳಿಯಿಲ್ಲದೆ ಸಿಕ್ಕಿಕೊಂಡರೆ ಪೊರೆ ಹೋಗಿ ಒಳಗೊಳಗೇ ಸೀಳುತ್ತದೆ. ಡೆಕ್ ಮೇಲೆ ಫಳಫಳ, ಒಳಗೆ ನೋಡಿದರೂ ಫಳಫಳ, ಡೆಕ್‌ನ ದಪ್ಪದೊಳಗೆ ಅಡಗಿರುವ ಒಂದಂಗುಲದಲ್ಲಿ ಬಿರುಕು. ನಾನು ನೋಡಿದ ಒಂದು ಪಟ್ಟಿಯನ್ನು ಹೊರತೆಗೆದು ಕೈಯಲ್ಲಿ ಹಿಡಿದಾಗ ಅರ್ಧಕ್ಕಿಂತ ಹೆಚ್ಚು ಅಗಲ ಕಂದು ಬಣ್ಣವಿತ್ತು. ಅಂದರೆ ಅಲ್ಲಿ ಬಿರುಕು ಬಿಟ್ಟು ಎಷ್ಟೋ ಕಾಲವಾಗಿತ್ತು. ಉಳಿದ ಹೊಳೆಯುವ ಭಾಗವೊಂದೇ ಇಡೀ ಮಾಸ್ಟನ್ನು ಹಿಡಿದುಕೊಂಡಿತ್ತು.

ನೀವೇ ನೋಡಬಹುದಾದ ವಿಧಾನ ಹೇಳುತ್ತೇನೆ. ಒಂದು ಪ್ಲಾಸ್ಟಿಕ್ ತಲೆಯ ಸುತ್ತಿಗೆ ತೆಗೆದುಕೊಂಡು ಹೋಗಿ. ಸ್ಕ್ರೂಡ್ರೈವರ್‌ನ ಹಿಡಿಯಾದರೂ ಸಾಕು. ಡೆಕ್ ಮೇಲೆ ಮಂಡಿಯೂರಿ, ಏನೂ ಜೋಡಿಸದ ಖಾಲಿ ಜಾಗದಲ್ಲಿ ಮೊದಲು ಕುಟ್ಟಿ. ‘ಟಕ್’ ಅಂತ ಬರುವ ಗಟ್ಟಿ ಸದ್ದನ್ನು ಕಿವಿಗೆ ರೂಢಿ ಮಾಡಿಕೊಳ್ಳಿ. ಆಮೇಲೆ ಚೈನ್‌ಪ್ಲೇಟ್ ಕಡೆಗೆ ಎರಡೆರಡು ಅಂಗುಲ ಸರಿಯುತ್ತಾ ಬನ್ನಿ. ಸದ್ದು ‘ತಪ್’ ಅಂತ ಸತ್ತರೆ ಅಲ್ಲಿಂದ ಮರ ಹೋಗಿದೆ. ಚಾಕ್‌ಪೀಸಿನಲ್ಲಿ ಗೆರೆ ಹಾಕುತ್ತಾ ಹೋಗಿ. ಅಂಗೈ ಅಗಲದ ವೃತ್ತವಾದರೆ ರಿಪೇರಿ ಮಾಡಬಹುದು. ಒಂದು ಚೈನ್‌ಪ್ಲೇಟಿನಿಂದ ಹೊರಟ ಗೆರೆ ಮಾಸ್ಟ್‌ನ ಬುಡದವರೆಗೂ ಬಂದರೆ ಸುತ್ತಿಗೆಯನ್ನು ಚೀಲಕ್ಕೆ ಹಾಕಿ, ಥ್ಯಾಂಕ್ಸ್ ಹೇಳಿ ಮನೆಗೆ ಹೊರಡಿ. ಹಾಗಾಗದಿದ್ದರೆ ಒಳಗಿಳಿದು ಚೈನ್‌ಪ್ಲೇಟ್ ಬೋಲ್ಟ್ ಆಗಿರುವ ಮರದ ಗೋಡೆಯನ್ನು ನೋಡಿ. ಕಪ್ಪು ಕಲೆ, ಎದ್ದ ಪದರ, ಉಗುರು ಒತ್ತಿದರೆ ಇಳಿಯುವಷ್ಟು ಮೆತ್ತಗೆ, ಇಷ್ಟರಲ್ಲಿ ಯಾವುದು ಕಂಡರೂ ಆ ಸೋರಿಕೆ ಸಣ್ಣದಲ್ಲ.

ಮಾಸ್ಟ್‌ನ ಬುಡವೂ ಈ ಮಾದರಿಯ ಹೆಸರಾಂತ ರೋಗದ ಜಾಗ. ಮಾಸ್ಟ್ ಡೆಕ್ ಮೇಲೆ ನಿಂತಿದೆ. ಅದರ ಭಾರವನ್ನು ಒಳಗೆ ಒಂದು ಕಂಬ ಹೊರುತ್ತದೆ. ಕಂಬದ ಕೆಳಗೆ, ಬಿಲ್ಜ್‌ನಲ್ಲಿ, ಒಂದು ಮರದ ತುಂಡು ಇರುತ್ತದೆ. ಬಿಲ್ಜ್ ಅಂದರೆ ದೋಣಿಯ ತಳ, ನೀರು ಬಂದು ನಿಲ್ಲುವ ಜಾಗವೇ ಅದು. ಮರ ಕೊಳೆತರೆ ಕಂಬ ಕುಸಿಯುತ್ತದೆ, ಮೇಲೆ ಡೆಕ್ ತಗ್ಗುತ್ತದೆ, ಶ್ರೌಡ್‌ಗಳು ಸಡಿಲವಾಗುತ್ತವೆ. ಮಾಲೀಕರು ಪ್ರತಿ ವರ್ಷ ತಂತಿ ಬಿಗಿ ಮಾಡುತ್ತಾ ಹೋಗುತ್ತಾರೆ, ಕಾರಣ ಹುಡುಕುವುದಿಲ್ಲ. ತಂತಿ ಬಿಗಿ ಮಾಡುವ ತಿರುಪುಗಳಲ್ಲಿ (ಟರ್ನ್‌ಬಕಲ್) ತಿರುಗಿಸಲು ಇನ್ನು ಜಾಗವೇ ಉಳಿದಿಲ್ಲ ಅನ್ನುವ ಹಾಗಿದ್ದರೆ ಅನುಮಾನ ಪಡಿ. ಬಾತ್‌ರೂಮಿನ ಬಾಗಿಲು ಉಜ್ಜಿಕೊಂಡು ಮುಚ್ಚುತ್ತಿದ್ದರೂ ಅಷ್ಟೇ. ಮಾಸ್ಟ್‌ನ ಬುಡಕ್ಕೆ ಅಡ್ಡಲಾಗಿ ಒಂದು ನೇರ ಪಟ್ಟಿ ಇಟ್ಟು ನೋಡಿದರೆ ಡೆಕ್ ತಗ್ಗಿದೆಯೋ ಇಲ್ಲವೋ ಕಾಣುತ್ತದೆ.

ಇದಕ್ಕೆಲ್ಲ ಇಷ್ಟು ಜಾಗ ಕೊಡುವುದಕ್ಕೆ ಕಾರಣವಿದೆ. ನೀವು ದೋಣಿ ಓಡಿಸಬೇಕೆಂದಿರುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ. ಬೇಸಿಗೆಯಲ್ಲಿ ಒಳನಾಡಿನ ಕಣಿವೆ ಕಾದು, ಸಮುದ್ರದ ತಣ್ಣನೆ ಗಾಳಿಯನ್ನು ಗೋಲ್ಡನ್ ಗೇಟ್ ಮೂಲಕ ಒಳಗೆಳೆಯುತ್ತದೆ. ಮಧ್ಯಾಹ್ನದ ಮೇಲೆ ಕೊಲ್ಲಿಯ ನಡುವೆ 20–25 ನಾಟ್ ಗಾಳಿ ಇಲ್ಲಿ ಸುದ್ದಿಯೇ ಅಲ್ಲ. ಅದೇ ಹೊತ್ತಿಗೆ ಇಳಿತದ ನೀರು ಎದುರಿನಿಂದ ಹೊರಟರೆ ಅಲೆ ಕಡಿದಾಗಿ ಏಳುತ್ತದೆ. ಹೊನ್ನಾವರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶರಾವತಿಯ ಅಳಿವೆಯಲ್ಲಿ ಹೊಳೆ ಹೊರಗೆ ನುಗ್ಗುವಾಗ ಕಡಲಿನ ಗಾಳಿ ಎದುರಾದರೆ ಏನಾಗುತ್ತದೆ ಅಂತ ನೀವು ನೋಡಿಯೇ ಬೆಳೆದಿದ್ದೀರಿ. ಇಲ್ಲಿ ನೀರು ಬೇರೆ ತಣ್ಣಗೆ, ವರ್ಷದ ಬಹುಪಾಲು 11ರಿಂದ 15 ಡಿಗ್ರಿ ಸೆಲ್ಸಿಯಸ್. ಶಾಂತ ಕೆರೆಯಲ್ಲಿ ಇನ್ನೂ ಐದು ವರ್ಷ ನಿಲ್ಲಬಹುದಾದ ಮಾಸ್ಟ್ ಇಲ್ಲಿ ಮೊದಲ ಬೇಸಿಗೆಯಲ್ಲೇ ಬೀಳಬಹುದು. ಅದೂ ಮಗಳು ಕೆಳಗೆ ಕೂತಿರುವಾಗ.

ತಂತಿಗಳ ವಯಸ್ಸು ಕೇಳಿ. ಹತ್ತರಿಂದ ಹದಿನೈದು ವರ್ಷಕ್ಕೆ ಬದಲಿಸುವುದು ವಾಡಿಕೆ. ‘ನಾನು ಕೊಂಡಾಗಿನಿಂದ ಬದಲಿಸಿಲ್ಲ’ ಅಂದರೆ ಬದಲಿಸುವ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳಿ. ಮೂವತ್ತು ಅಡಿಗೆ ನಾಲ್ಕರಿಂದ ಆರು ಸಾವಿರ. ಗಮನಿಸಿ, ಇದು ಮಿತಿ ಇರುವ ಖರ್ಚು. ದೊಡ್ಡದು, ಆದರೆ ಮೊದಲೇ ಗೊತ್ತಾಗುತ್ತದೆ.

ಕೀಲ್ ವಿಷಯ. ಕೀಲ್‌ನ ಮುಂಭಾಗ ಹಲ್‌ಗೆ ಸೇರುವಲ್ಲಿ ಒಂದು ಬಿರುಕು ಬೀಳುತ್ತದೆ. ಅದಕ್ಕೆ ಇಲ್ಲಿನವರು ‘ಕ್ಯಾಟಲಿನಾ ಸ್ಮೈಲ್’ ಅಂತ ಮುದ್ದಿನ ಹೆಸರಿಟ್ಟಿದ್ದಾರೆ. ಬಹಳಷ್ಟು ಸಲ ಬೋಲ್ಟ್ ಬಿಗಿ ಮಾಡಿ, ಬಿರುಕು ತುಂಬಿದರೆ ಸರಿಹೋಗುತ್ತದೆ. ಆದರೆ ಹಳೇ ಕ್ಯಾಟಲಿನಾ 30ಗಳಲ್ಲಿ ಕೀಲ್ ಸೇರುವ ತಳದ ಭಾಗದೊಳಗೆ ಪ್ಲೈವುಡ್ ಇರುತ್ತದೆ. ನೀರು ಹೋಗಿ ಅದು ಮೆತ್ತಗಾಗಿದ್ದರೆ ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಕಚ್ಚಿಕೊಳ್ಳುವುದಿಲ್ಲ. 1979ರದು ಅಂದರೆ ನಿಮ್ಮದೂ ಆ ಗುಂಪಿಗೇ ಸೇರುತ್ತದೆ. ಇದನ್ನು ದೋಣಿ ನೀರಿನಲ್ಲಿರುವಾಗ ಹೇಳಲು ಆಗದು. ಎತ್ತಿಸಿಯೇ ನೋಡಬೇಕು.

ಹಿಂದೆ ಎಲ್ಲಿಯಾದರೂ ನೆಲಕ್ಕೆ ತಾಗಿತ್ತಾ ಅಂತಲೂ ಕೇಳಿ. ಅಲಮೀಡದ ಸುತ್ತ ತಳ ಮೆತ್ತನೆ ಕೆಸರು, ಅಲ್ಲಿ ಕೂತರೆ ಚಿಂತೆಯಿಲ್ಲ. ಬಂಡೆಗೆ ಬಡಿದಿದ್ದರೆ ಕಥೆ ಬೇರೆ. 2014ರ ಮೇ ತಿಂಗಳಲ್ಲಿ ‘ಚೀಕಿ ರಫೀಕಿ’ ಅನ್ನುವ ನಲವತ್ತು ಅಡಿಯ ಬ್ರಿಟಿಷ್ ಹಾಯಿ ದೋಣಿಯ ಕೀಲ್ ಅಟ್ಲಾಂಟಿಕ್ ನಡುವೆ ಕಳಚಿತು. ದೋಣಿಯಲ್ಲಿದ್ದ ನಾಲ್ವರೂ ಹೋದರು. ಹಿಂದೆ ನೆಲಕ್ಕೆ ತಾಗಿದ್ದು, ಆಮೇಲೆ ಮಾಡಿದ ರಿಪೇರಿಗಳು, ಇವೆಲ್ಲ ಸೇರಿ ಕೀಲ್ ಹಿಡಿದಿದ್ದ ರಚನೆಯನ್ನು ದುರ್ಬಲ ಮಾಡಿರಬಹುದು ಅಂತ ಬ್ರಿಟನ್ನಿನ ಅಪಘಾತ ತನಿಖಾ ಸಂಸ್ಥೆ ಹೇಳಿತು. ನೀವು ಅಟ್ಲಾಂಟಿಕ್‌ಗೆ ಹೋಗುತ್ತಿಲ್ಲ, ದೋಣಿಯೂ ಬೇರೆ. ಆದರೂ ‘ನೆಲಕ್ಕೆ ತಾಗಿತ್ತಾ, ಯಾರು ರಿಪೇರಿ ಮಾಡಿದರು, ಬಿಲ್ ಇದೆಯಾ’ ಅನ್ನುವ ಮೂರು ಪ್ರಶ್ನೆ ಕೇಳಲು ದುಡ್ಡೇನೂ ಬೇಕಿಲ್ಲವಲ್ಲ.

ಮುಳುಗುವುದಕ್ಕೆ ಮಾತ್ರ ಅಟ್ಲಾಂಟಿಕ್ ಬೇಕಾಗಿಲ್ಲ. ಸ್ಲಿಪ್‌ನಲ್ಲಿ ಕಟ್ಟಿದ ಕಡೆಯೇ ಹಳೇ ದೋಣಿಗಳು ಮುಳುಗುತ್ತವೆ. ಸಿಂಕ್, ಟಾಯ್ಲೆಟ್, ಎಂಜಿನ್‌ಗೆ ಅಂತ ಹಲ್‌ನಲ್ಲಿ ತೂತುಗಳಿರುತ್ತವೆ. ಪ್ರತಿಯೊಂದಕ್ಕೂ ಒಂದು ವಾಲ್ವ್. ಆ ವರ್ಷಗಳ ಕ್ಯಾಟಲಿನಾಗಳಿಗೆ ಮನೆ ನಲ್ಲಿಯ ತರಹದ ಹಿತ್ತಾಳೆ ಗೇಟ್ ವಾಲ್ವ್ ಹಾಕುತ್ತಿದ್ದರು. ಉಪ್ಪು ನೀರಿನಲ್ಲಿ ಹಿತ್ತಾಳೆಯೊಳಗಿನ ಸತು ಕರಗಿ ಹೋಗಿ ಬರೀ ತಾಮ್ರದ ಪುಡಿ ಉಳಿಯುತ್ತದೆ. ಚಾಕುವಿನ ತುದಿಯಿಂದ ಮೆಲ್ಲಗೆ ಕೆರೆದು ನೋಡಿ. ಹಳದಿ ಹೊಳಪು ಬಂದರೆ ಸರಿ. ಗುಲಾಬಿ ಬಣ್ಣ ಕಂಡರೆ ಆ ವಾಲ್ವನ್ನು ತಿರುಗಿಸಲು ಹೋಗಲೇಬೇಡಿ, ಕೈಗೆ ಬಂದೀತು. ಬದಲಿಸುವುದು ದೊಡ್ಡ ಖರ್ಚಲ್ಲ. ಬದಲಿಸದಿದ್ದರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ.

ಎಂಜಿನ್ ಬಗ್ಗೆ ಜನ ಜಾಸ್ತಿ ಹೆದರುತ್ತಾರೆ, ಅದರಲ್ಲೂ ಅಟಾಮಿಕ್ 4 ಅಂದರೆ. ನನಗೆ ಆ ಎಂಜಿನ್ ಮೇಲೆ ಒಂದು ಬಗೆಯ ಪ್ರೀತಿಯೇ ಇದೆ. ನಾಲ್ಕು ಸಿಲಿಂಡರ್, ಸರಳ, ನಯವಾಗಿ ಓಡುತ್ತದೆ, ಭಾಗಗಳು ಈಗಲೂ ಸಿಗುತ್ತವೆ. ಅದರ ಶತ್ರು ಎರಡು: ಉಪ್ಪು ನೀರು ಮತ್ತು ಸುಮ್ನೆ ನಿಲ್ಲುವುದು. ಸಮುದ್ರದ ನೀರೇ ನೇರವಾಗಿ ಎಂಜಿನ್ ಒಳಗೆ ಹರಿದು ತಂಪು ಮಾಡುವ ಏರ್ಪಾಡಾಗಿದ್ದರೆ ನಲವತ್ತು ವರ್ಷಕ್ಕೆ ಒಳಗಿನ ಕಬ್ಬಿಣ ಸವೆದಿರುತ್ತದೆ. ಎರಡು ವರ್ಷ ನಿಂತರೆ ವಾಲ್ವ್‌ಗಳು ಅಂಟುತ್ತವೆ, ಪೆಟ್ರೋಲ್ ಕೊಳೆತು ಕಾರ್ಬ್ಯುರೇಟರ್ ಕಟ್ಟುತ್ತದೆ. ‘ಎರಡು ವರ್ಷದ ಹಿಂದೆ ಓಡುತ್ತಿತ್ತು’ ಅನ್ನುವುದನ್ನು ‘ಓಡುವುದಿಲ್ಲ’ ಅಂತಲೇ ಓದಿಕೊಳ್ಳಿ. ಅದನ್ನು ತೆಗೆದು ಡೀಸೆಲ್ ಹಾಕಿಸಿದರೆ 15 ಸಾವಿರ ದಾಟುವುದು ಸಾಮಾನ್ಯ.

ನೋಡಲು ಹೋಗುವ ದಿನ ‘ನಾನು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಡಿ’ ಅಂತ ಹೇಳಿಯೇ ಹೋಗಿ. ಹೋದ ಕೂಡಲೇ ಎಂಜಿನ್ ಮೇಲೆ ಕೈ ಇಡಿ, ಬೆಚ್ಚಗಿದೆಯಾ ನೋಡಿ. ಆಯಿಲ್ ಕಡ್ಡಿ ಎಳೆದು ನೋಡಿ. ಹಾಲು ಬೆರೆಸಿದ ಹಾಗಿದ್ದರೆ ಒಳಗೆ ನೀರು ಸೇರಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಬಿಲ್ಜ್‌ಗೆ ಇಳಿದು ಅಲ್ಲೇ ಕೂರುತ್ತದೆ, ಒಂದು ಕಿಡಿ ಸಾಕು. ಅದಕ್ಕೇ ಸ್ಟಾರ್ಟ್ ಮಾಡುವ ಮೊದಲು ನಾಲ್ಕು ನಿಮಿಷ ಬ್ಲೋವರ್, ಅಂದರೆ ಆ ಆವಿ ಹೊರಹಾಕುವ ಫ್ಯಾನ್, ಓಡಿಸಬೇಕು ಅಂತ ದೋಣಿಯಲ್ಲೇ ಚೀಟಿ ಅಂಟಿಸಿರುತ್ತಾರೆ. ಆ ಬ್ಲೋವರ್ ಓಡುತ್ತದಾ? ಮಾಲೀಕರು ಅದನ್ನು ಒತ್ತದೆ ನೇರವಾಗಿ ಕೀ ತಿರುಗಿಸಿದರೆ, ಅವರು ದೋಣಿಯನ್ನು ಹೇಗೆ ಇಟ್ಟುಕೊಂಡಿದ್ದಾರೆ ಅಂತ ನಿಮಗೆ ಅರ್ಧ ಗೊತ್ತಾದ ಹಾಗೆ. ನೀವು ಆ ಹೊತ್ತಿಗೆ ಹೊರಗೆ ನಿಂತಿರಿ.

ಯಾವುದಕ್ಕೆ ತಲೆ ಕೆಡಿಸಿಕೊಳ್ಳಬಾರದು ಅಂತಲೂ ಹೇಳಬೇಕು. ಮಾಸಿದ ಬಣ್ಣ, ಹರಿದ ಕುಶನ್, ಕೆಟ್ಟ ರೇಡಿಯೊ, ಹಲ್‌ನ ತಳದಲ್ಲಿ ನಾಲ್ಕಾರು ಗುಳ್ಳೆ, ಕೆಟ್ಟ ವಾಸನೆ, ಇವೆಲ್ಲ ಚೌಕಾಶಿಗೆ ಮಾತ್ರ. ಬಹಳ ಜನ ಇವನ್ನು ನೋಡಿ ಒಳ್ಳೇ ದೋಣಿ ಬಿಡುತ್ತಾರೆ, ಹೊಸ ಕುಶನ್ ನೋಡಿ ಕೊಳೆತ ದೋಣಿ ಕೊಳ್ಳುತ್ತಾರೆ.

ಕಾಗದಪತ್ರದ ವಿಷಯಕ್ಕೆ ಬರೋಣ. ಮರೀನಾದ (ದೋಣಿ ಕಟ್ಟುವ ನಿಲ್ದಾಣದ) ಬಾಡಿಗೆ, ಬೋಟ್‌ಯಾರ್ಡಿನ ರಿಪೇರಿ ಬಿಲ್ಲು ಬಾಕಿ ಇದ್ದರೆ ಆ ಸಾಲ ಮಾಲೀಕರ ಬೆನ್ನು ಹತ್ತುವುದಲ್ಲದೆ ದೋಣಿಗೂ ಅಂಟಿಕೊಂಡಿರುತ್ತದೆ. ಅಮೆರಿಕದ ಕಡಲ ಕಾನೂನಿನ ರೂಢಿಯೇ ಹಾಗೆ. ನೀವು ಏನೂ ಗೊತ್ತಿಲ್ಲದೆ ಕೊಂಡಿದ್ದರೂ ಸಾಲ ದೋಣಿಯ ಜೊತೆಗೇ ಬರುತ್ತದೆ. ಮರೀನಾ ಕಚೇರಿಯಿಂದ ‘ಬಾಕಿ ಇಲ್ಲ’ ಅಂತ ಬರಹದಲ್ಲಿ ಕೇಳಿ. ದೋಣಿ ರಾಜ್ಯದ ವಾಹನ ಇಲಾಖೆ ಡಿ.ಎಂ.ವಿ.ಯಲ್ಲಿ ನೋಂದಣಿಯಾಗಿದೆಯೋ, ಕೋಸ್ಟ್ ಗಾರ್ಡ್‌ನಲ್ಲಿ ದಾಖಲಾಗಿದೆಯೋ ತಿಳಿದುಕೊಳ್ಳಿ. ಕೋಸ್ಟ್ ಗಾರ್ಡ್ ಆದರೆ ಸ್ವಲ್ಪ ಶುಲ್ಕಕ್ಕೆ ಟೈಟಲ್ ಚರಿತ್ರೆ, ಅಂದರೆ ಒಡೆತನದ ದಾಖಲೆ, ಸಿಗುತ್ತದೆ, ತರಿಸಿ. ಹಲ್‌ನ ಹಿಂಭಾಗದ ಬಲಮೂಲೆಯಲ್ಲಿರುವ ಹನ್ನೆರಡು ಅಕ್ಷರದ ಗುರುತಿನ ಸಂಖ್ಯೆ ಕಾಗದದಲ್ಲಿರುವುದಕ್ಕೆ ಹೊಂದಬೇಕು. ಕೌಂಟಿ ದೋಣಿಯ ಮೇಲೆ ಪ್ರತಿ ವರ್ಷ ಆಸ್ತಿ ತೆರಿಗೆ ಹಾಕುತ್ತದೆ, ಜನವರಿ 1ರಂದು ಯಾರ ಹೆಸರಿನಲ್ಲಿದೆಯೋ ಅವರಿಗೆ. ಹೆಸರು ಬದಲಿಸುವಾಗ ಖರೀದಿ ಬೆಲೆಯ ಮೇಲಿನ ಯೂಸ್ ಟ್ಯಾಕ್ಸ್ ಬೇರೆ ಇದೆ. ಇನ್ನು 2025ರಿಂದ ಎಂಜಿನ್ ಓಡಿಸುವ ಯಾರಿಗೇ ಆದರೂ ಕ್ಯಾಲಿಫೋರ್ನಿಯಾ ಬೋಟರ್ ಕಾರ್ಡ್ ಬೇಕು, ಅದನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಸ್ಲಿಪ್. ದೋಣಿ ಕೊಂಡರೆ ಜಾಗವೂ ಬರುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಎಷ್ಟೋ ಮರೀನಾಗಳಲ್ಲಿ ಹಾಗಿಲ್ಲ, ಹೊಸ ಮಾಲೀಕರು ಹೊಸದಾಗಿ ಅರ್ಜಿ ಹಾಕಬೇಕು. ವಿಮೆ ಇಲ್ಲದೆ ಒಳಗೆ ಬಿಡುವುದಿಲ್ಲ. ಇಷ್ಟು ಹಳೇ ದೋಣಿಗೆ ವಿಮೆಯವರು ಸಾಮಾನ್ಯವಾಗಿ ಸರ್ವೆ ವರದಿ ಕೇಳುತ್ತಾರೆ. ‘ಸರ್ವೆ ದಂಡ’ ಅಂದ ಮಾಲೀಕರ ಮಾತು ಇಲ್ಲಿಗೆ ಬಂದು ನಿಲ್ಲುತ್ತದೆ. ನೀವು ಇವತ್ತು ಮಾಡಿಸದಿದ್ದರೆ, ಕೊಂಡ ಮೇಲೆ ವಿಮೆಯವರು ಮಾಡಿಸುತ್ತಾರೆ. ಆಗ ವರದಿಯಲ್ಲಿ ಏನೇ ಬಂದರೂ ದೋಣಿ ನಿಮ್ಮದು.

ಸರ್ವೆ ಖರ್ಚು ಅಡಿಗೆ 20–30 ಡಾಲರ್, ನೀರಿನಿಂದ ಎತ್ತಿಸುವುದು ಬೇರೆ. ಒಟ್ಟು 1,200ರ ಸುತ್ತಮುತ್ತ. ಬೆಲೆಯ ನಾಲ್ಕನೇ ಒಂದು ಭಾಗ ಅಂತ ಹೊಟ್ಟೆ ಉರಿಯುತ್ತದೆ, ಅಲ್ವಾ? ನನ್ನ ಲೆಕ್ಕ ತಿರುಗುಮುರುಗು. 50 ಸಾವಿರದ ದೋಣಿಯನ್ನು ಯಾರೋ ಕಾಳಜಿಯಿಂದ ಇಟ್ಟಿರುವ ಸಾಧ್ಯತೆ ಜಾಸ್ತಿ. ಐದು ಸಾವಿರದ ದೋಣಿಗೇ ಸರ್ವೆಯ ಅಗತ್ಯ ಹೆಚ್ಚು. ಸರ್ವೇಯರ್ ಸ್ಯಾಮ್ಸ್ ಅಥವಾ ನ್ಯಾಮ್ಸ್ ಅನ್ನುವ ದೋಣಿ ಸರ್ವೇಯರ್‌ಗಳ ಸಂಘದವರಾಗಿರಲಿ. ನೀವೇ ಹುಡುಕಿ, ಮಾಲೀಕರು ಸೂಚಿಸಿದವರು ಬೇಡ.

ಆದರೆ ಆ 1,200 ಕೊನೆಯಲ್ಲಿ ಹಾಕಿ. ಖರ್ಚಿಲ್ಲದ ಪರೀಕ್ಷೆಗಳು ಮೊದಲು: ಫೋನಿನಲ್ಲಿ ಮರೀನಾ ಕಚೇರಿ, ವಿಮೆ. ಆಮೇಲೆ ಸುತ್ತಿಗೆ, ಚಾಕು, ತಣ್ಣನೆ ಎಂಜಿನ್. ಎಲ್ಲಿ ತಪ್ಪಿದರೂ ಅಲ್ಲಿಗೇ ನಿಲ್ಲಿಸಿ. ಎಲ್ಲ ದಾಟಿದರೆ ಮಾತ್ರ ಸಣ್ಣ ಮುಂಗಡ ಕೊಟ್ಟು ಒಂದು ಪುಟದ ಕರಾರು ಬರೆಸಿ: ಸರ್ವೆ, ನೀರಿನಲ್ಲಿ ಓಡಿಸಿ ನೋಡುವುದು, ಸ್ಲಿಪ್ ಒಪ್ಪಿಗೆ, ಟೈಟಲ್, ಇವುಗಳಲ್ಲಿ ಯಾವುದು ಸರಿಬರದಿದ್ದರೂ ಮುಂಗಡ ವಾಪಸ್. ಇದಕ್ಕೆ ಒಪ್ಪದವರ ದೋಣಿ ನಿಮಗೆ ಬೇಡ.

ನನ್ನ ತೀರ್ಮಾನ ಕೇಳಿದರೆ ಹೀಗಿದೆ. ಮಾಸ್ಟ್ ಬುಡ ಗಟ್ಟಿ, ಚೈನ್‌ಪ್ಲೇಟ್ ಸುತ್ತ ಒಣ, ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಆಯಿತು, ಸ್ಲಿಪ್ ಬರಹದಲ್ಲಿ ಸಿಕ್ಕಿತು ಅಂದರೆ 4,800 ಒಳ್ಳೇ ಬೆಲೆ. ಆಗಲೂ ತಂತಿ, ವಾಲ್ವ್, ತಳದ ಬಣ್ಣ ಅಂತ ಮೊದಲ ವರ್ಷ ಇನ್ನೊಂದು ಎಂಟು ಹತ್ತು ಸಾವಿರ ತೆಗೆದಿಟ್ಟಿರಬೇಕು. ಅಂದರೆ ಅದು 15 ಸಾವಿರದ ದೋಣಿಯೇ. ಆ ದುಡ್ಡಿಗೆ, ವಾರ ವಾರ ಓಡಿಸುತ್ತಿರುವವರ ಕೈಯಿಂದ, ಡೀಸೆಲ್ ಎಂಜಿನ್ ಇರುವ ದೋಣಿ ಕೊಳ್ಳುವುದು ನನಗೆ ಹೆಚ್ಚು ಇಷ್ಟ. ಎಂಜಿನ್ ತಿರುಗದೆ, ಡೆಕ್ಕೂ ಮೆತ್ತಗಿದ್ದರೆ ಸುಮ್ನೆ ಕೊಟ್ಟರೂ ಬೇಡ.

‘ಹೋದರೆ ಐದು ಸಾವಿರ, ಅಷ್ಟೇ’ ಅನ್ನುವ ಲೆಕ್ಕ ನಿಜವಾಗಿಯೂ ಬೇಕಿದ್ದರೆ ಅದಕ್ಕೂ ದೋಣಿ ಇದೆ: ಕ್ಯಾಟಲಿನಾ 22. ಟ್ರೇಲರ್ ಮೇಲೆ ಬರುತ್ತದೆ, ದೊಡ್ಡ ಗಾತ್ರದ ಎಸ್‌ಯುವಿ ಇದ್ದರೆ ನೀವೇ ಎಳೆದುಕೊಂಡು ಹೋಗಬಹುದು. ಸ್ಲಿಪ್ ಬೇಕಿಲ್ಲ. ಎಂಜಿನ್ ಹಿಂದೆ ನೇತುಹಾಕುವ ಔಟ್‌ಬೋರ್ಡ್, ಕೆಟ್ಟರೆ ಬಿಚ್ಚಿ ಕಾರಿನಲ್ಲಿ ಹಾಕಿಕೊಂಡು ರಿಪೇರಿಗೆ ಒಯ್ಯಬಹುದು. ಟ್ರೇಲರ್ ಮೇಲೆ ಒಣಗಿ ನಿಂತಿರುವ ದೋಣಿ ಮುಳುಗುವುದೂ ಇಲ್ಲ. ಮಗಳಿಗೂ ಅದರ ಚುಕ್ಕಾಣಿ ಕೈಗೆ ಸಿಗುತ್ತದೆ. ಕೊಳ್ಳುವಾಗ ನಡುವೆ ಮೇಲೆ ಕೆಳಗೆ ಮಾಡುವ ಕೀಲ್‌ನ ಕೀಲುಮೊಳೆ ಮತ್ತು ತಂತಿ ನೋಡಿ, ಟ್ರೇಲರ್‌ಗೂ ಪ್ರತ್ಯೇಕ ಕಾಗದ ಇದೆಯಾ ಕೇಳಿ.

ಅಲಮೀಡದ ದೋಣಿಯನ್ನೇ ನೋಡುವುದಾದರೆ ಮೊದಲ ಫೋನು ಮಾಲೀಕರಿಗೆ ಬೇಡ. ಮರೀನಾ ನಡೆಸುವ ಹಾರ್ಬರ್ ಮಾಸ್ಟರ್ ಕಚೇರಿಗೆ ಮಾಡಿ. ಕೇಳಬೇಕಾದ್ದು ಎರಡೇ: 1979ರ ದೋಣಿಯನ್ನು ಹೊಸ ಮಾಲೀಕರ ಹೆಸರಿನಲ್ಲಿ ಇಟ್ಟುಕೊಳ್ಳುತ್ತೀರಾ, ಆ ಸ್ಲಿಪ್‌ನ ಬಾಕಿ ಏನಾದರೂ ಇದೆಯಾ. ಬಾಕಿಯ ವಿಷಯ ಫೋನಿನಲ್ಲಿ ಹೇಳುವುದಿಲ್ಲ ಅಂದರೆ, ನೋಡಲು ಹೋದ ದಿನ ಮಾಲೀಕರನ್ನು ಜೊತೆಗೆ ಕರೆದುಕೊಂಡೇ ಆ ಕಚೇರಿಗೆ ಹೋಗಿ ಕೇಳಿ.